ಮೌನ ಪ್ರಾರ್ಥನೆ ನನಗೆ ಒಗ್ಗಿದ್ದು: ಒಬ್ಬ ಕಾಫಿ ಬೆಳೆಗಾರನ ಅನುಭವ

"ನೀನು ಪ್ರಾರ್ಥನೆ ಮಾಡ್ತಿಲ್ಲ, ಕೂತಲ್ಲೇ ನಿದ್ದೆ ಹೊಡೀತಿದ್ದೀಯ." ಇದು ನನ್ನ ಬಾವನ ಮಾತು. ನಮ್ಮ ಕಥೋಲಿಕ ಚರ್ಚಿನ ಧರ್ಮಕೇಂದ್ರದ ಪ್ರಾರ್ಥನಾಕೂಟದವರು ಇನ್ನೂ ಮುಂದೆ ಹೋಗಿ, ಬಾಯಿ ಬಿಟ್ಟು ಸ್ತುತಿ ಮಾಡದಿದ್ದರೆ ಅದೆಂಥ ಪ್ರಾರ್ಥನೆ ಅಂದಿದ್ದರು. ಈಗ ಅವರಲ್ಲೇ ಇಬ್ಬರು ಮೂವರು ಪೂಜೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಈ ಮೌನ ಪ್ರಾರ್ಥನೆ ಹೇಗೆ ಮಾಡೋದು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಜಪಸರ, ಬೈಬಲ್ ವಾಕ್ಯ ಓದಿ ಧ್ಯಾನ, ಆರಾಧನೆ ಇವೆಲ್ಲ ನಿಮಗೆ ರೂಢಿಯಿದೆ ಅಂದುಕೊಂಡಿದ್ದೇನೆ. ಇಲ್ಲದಿದ್ದರೆ ಮೊದಲು ಅದನ್ನೇ ಮಾಡಿ.

ದುಡ್ಡಿನ ವಿಷಯ ಮೊದಲು ಮುಗಿಸುತ್ತೇನೆ. ಪಕ್ಕದ ರಾಜ್ಯದ ಒಂದು ಕೇಂದ್ರಕ್ಕೆ ಒಂದು ವಾರದ ರಿಟ್ರೀಟ್‌ಗೆ, ಅಂದರೆ ಅಲ್ಲೇ ಉಳಿದು ಮಾಡುವ ಧ್ಯಾನಕೂಟಕ್ಕೆ ಹೋದೆ. ಬಸ್ಸು, ರೂಮು, ಅಲ್ಲಿ ಕೊಂಡ ಪುಸ್ತಕ ಎಲ್ಲ ಸೇರಿ 8,000 ರೂಪಾಯಿ ಹತ್ತಿರ ಹೋಯಿತು. ಬೆಳಗ್ಗೆ ಶುರುವಾದ ಮೈಕು ರಾತ್ರಿ ಊಟದವರೆಗೂ ನಿಲ್ಲುತ್ತಿರಲಿಲ್ಲ. ಅದರಿಂದ ಕುಡಿತ ಬಿಟ್ಟವರನ್ನು ಕಣ್ಣಾರೆ ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ, ಆದರೆ ನಾನು ಹುಡುಕಿಕೊಂಡು ಹೋಗಿದ್ದು ಮೌನವನ್ನು. ಆಮೇಲೆ ಬೆಂಗಳೂರಲ್ಲಿ ಎರಡು ದಿನದ ಶಿಬಿರ, 5,000. ಅಲ್ಲಿ ಚೆನ್ನಾಗಿದ್ದಿದ್ದು ಚಿತ್ರಾನ್ನ ಒಂದೇ ಅಂತ ಮನೆಗೆ ಬಂದು ಬಾಯಿ ತಪ್ಪಿ ಹೇಳಿದ್ದೆ, ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಮೊಬೈಲ್ ಆ್ಯಪ್‌ಗೆ ವರ್ಷದ ಚಂದಾ ಬೇರೆ. ಇಂಗ್ಲಿಷ್ ಪುಸ್ತಕಗಳು, ಅರ್ಧಕ್ಕೆ ಬಿಟ್ಟವೇ ಜಾಸ್ತಿ. ನೆನಪಿದ್ದ ಮಟ್ಟಿಗೆ 25-30 ಸಾವಿರ ಕರಗಿತು, ಅದೂ ಮೆಣಸಿನ ರೇಟು ಬಿದ್ದಿದ್ದ ಹೊತ್ತಿನಲ್ಲಿ. "ರೀ, ಸುಮ್ನೆ ಕೂರೋದಕ್ಕೂ ಇಷ್ಟು ಖರ್ಚಾ?" ಅಂದಳು. ಏನು ಹೇಳಲಿ?

ಖರ್ಚಿಲ್ಲದ ಪ್ರಯೋಗಗಳೂ ನಡೆದವು. ಬೆಳಗಿನ ಜಾವ ತೋಟದಲ್ಲಿ ನಡೆಯುತ್ತಾ ಪ್ರಾರ್ಥನೆ ಮಾಡೋಣ ಅಂತ ಹೊರಟೆ. ನಮ್ಮ ಸಕಲೇಶಪುರ, ಆಲೂರು ಕಡೆ ಆ ಹೊತ್ತಿಗೆ ತೋಟದೊಳಗೆ ಯಾರಿರುತ್ತಾರೆ ಅಂತ ನಿಮಗೇ ಗೊತ್ತು, ಕಾಡಾನೆ. ಬೈನೆ ಮರ ಮುರಿಯುವ ಸದ್ದು ಕೇಳಿದ ದಿನ ಆ ಪ್ರಯೋಗ ಮುಗಿಯಿತು. ಮಳೆಗಾಲದಲ್ಲಿ ಮನೆ ಹಿಂದಿನ ಕಾಲುದಾರಿಯಲ್ಲೇ ಓಡಾಡಿದೆ, ಇಂಬಳ ಬಿಡಲಿಲ್ಲ. ಇನ್ನೊಂದು ಸಲ ಶೆಟ್ಟಿಹಳ್ಳಿಗೆ ಹೋದೆ. ಹಾಸನದಿಂದ 20 ಕಿಲೋಮೀಟರ್ ಆಸುಪಾಸು, ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ಚರ್ಚು. ಗೊರೂರು ಅಣೆಕಟ್ಟೆ ಆದ ಮೇಲೆ ಹೇಮಾವತಿ ಹಿನ್ನೀರು ತುಂಬಿದಾಗ ಮುಳುಗುತ್ತದೆ, ನೀರು ಇಳಿದಾಗ ಗೋಡೆ, ಕಮಾನು ಕಾಣುತ್ತವೆ. ಆ ಗೋಡೆಗಳ ನಡುವೆ ಕೂತರೆ ಮನಸ್ಸು ತಾನೇ ನಿಲ್ಲುತ್ತೆ ಅಂತ ನನ್ನ ಲೆಕ್ಕ. ಕೂತು ಐದು ನಿಮಿಷ ಆಗಿರಲಿಲ್ಲ, ಪ್ರೀ ವೆಡ್ಡಿಂಗ್ ಶೂಟಿಂಗ್‌ನವರು ಬಂದು "ಅಂಕಲ್, ಸ್ವಲ್ಪ ಸೈಡಿಗೆ ಬರ್ತೀರಾ, ಫ್ರೇಮ್‌ನಲ್ಲಿ ಬರ್ತಿದ್ದೀರ" ಅಂದರು. ಜಾಗ ಹುಡುಕುವ ಚಟ ಅಲ್ಲಿಗೆ ಬಿಟ್ಟಿತು.

ದಾರಿ ಸಿಕ್ಕಿದ್ದು 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ ಅವರಿಂದ. ತಮ್ಮ ಜೀವನಕಥೆಯಲ್ಲಿ ಆಕೆ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವ ನಾಲ್ಕು ಬಗೆಯಾಗಿ ಹೇಳುತ್ತಾರೆ: ಬಾವಿಯಿಂದ ಸೇದಿ ಹಾಕುವುದು, ರಾಟೆ ತಿರುಗಿಸಿ ಕಾಲುವೆಗೆ ಬಿಡುವುದು, ಹೊಳೆಯಿಂದ ಹರಿಸಿಕೊಳ್ಳುವುದು, ಕೊನೆಗೆ ಮಳೆ. ಕಾಫಿ ಬೆಳೆಯುವವನಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ, ಪೈಪು ಹೊತ್ತು, ಡೀಸೆಲ್ ಸುರಿದು, ರಾತ್ರಿಯೆಲ್ಲ ಜೆಟ್ ಜಾಗ ಬದಲಾಯಿಸಿ, ಬೆಳಗ್ಗೆ ಸೊಂಟ ನೆಟ್ಟಗಾಗದ ಹಾಗೆ. ಅದೇ ಒಂದು ಇಂಚು ಮಳೆ ಹದಕ್ಕೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ನಾನು ಅಷ್ಟು ವರ್ಷ ರಿಟ್ರೀಟು, ಶಿಬಿರ ಅಂತ ಓಡಾಡಿದ್ದು ಮಳೆಯನ್ನು ದುಡ್ಡು ಕೊಟ್ಟು ತರಿಸೋದಕ್ಕೆ. ತೆರೇಸಾ ಪ್ರಕಾರ ನಮ್ಮ ಪಾಲಿನ ಕೆಲಸ ಬಾವಿಗೆ ಹೋಗುವುದು. ಬಾವಿ ಬತ್ತಿದ್ದರೂ ಹೋಗಬೇಕು, ನೀರಿಲ್ಲದೆ ಗಿಡ ಉಳಿಸುವುದು ದೇವರಿಗೆ ಗೊತ್ತು. ಆಕೆಗೇ ಎಷ್ಟೋ ವರ್ಷ ಪ್ರಾರ್ಥನೆಗೆ ಕೂತಾಗ ಗಂಟೆ ಯಾವಾಗ ಹೊಡೆಯುತ್ತೋ ಅಂತ ಕಿವಿ ಅಲ್ಲೇ ಇರುತ್ತಿತ್ತಂತೆ. 14 ವರ್ಷ ಪುಸ್ತಕ ಇಲ್ಲದೆ ಧ್ಯಾನಕ್ಕೆ ಕೂರಲು ಆಕೆಗೆ ಆಗಲೇ ಇಲ್ಲವಂತೆ. 1970ರಲ್ಲಿ ಪೋಪ್ ಧರ್ಮಸಭೆಯ ಪಂಡಿತೆ ಅಂತ ಸಾರಿದ ಮೊದಲ ಹೆಂಗಸು ಈಕೆ. ಇದನ್ನು ಓದಿದ ಮೇಲೆ ನನಗೆ ಅರ್ಧ ಭಾರ ಇಳಿಯಿತು.

ಇನ್ನರ್ಧ ಇಳಿಸಿದವರು ಆಕೆಯ ಜೊತೆಗಾರ, ಶಿಲುಬೆಯ ಸಂತ ಯೊವಾನ್ನರು. ವಾಕ್ಯ ಓದಿ, ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡು ಮಾಡುವ ಧ್ಯಾನವನ್ನು ಯಾವಾಗ ಬಿಡಬಹುದು ಅನ್ನುವುದಕ್ಕೆ ಅವರು ಮೂರು ಗುರುತು ಕೊಡುತ್ತಾರೆ. ಆ ಧ್ಯಾನ ಮಾಡಲು ಆಗುತ್ತಿಲ್ಲ, ರುಚಿಯೂ ಇಲ್ಲ. ಬೇರೆ ಯಾವುದರ ಮೇಲೂ ಮನಸ್ಸಿಡುವ ಆಸೆಯೂ ಇಲ್ಲ. ಆದರೆ ದೇವರ ಮುಂದೆ ಒಬ್ಬನೇ, ಪ್ರೀತಿಯಿಂದ, ಸುಮ್ನೆ ಇರುವುದು ಇಷ್ಟವಾಗುತ್ತದೆ. ಮೂರೂ ಒಟ್ಟಿಗಿರಬೇಕು, ಅದು ಮುಖ್ಯ. ನಮ್ಮವರು ಸುಮಾರು ಜನ ಮೊದಲನೆಯದು ಕಂಡ ಕೂಡಲೇ ನಾನು ಮೇಲಿನ ಕ್ಲಾಸಿಗೆ ಹೋದೆ ಅಂತ ಜಪಸರವನ್ನೂ ಬಿಡುತ್ತಾರೆ. ನನಗೆ ಮೊದಲನೆಯದು ಬೇಗ ಬಂತು. ಎರಡನೆಯದನ್ನು ಪರೀಕ್ಷೆ ಮಾಡಿದರೆ ಮನಸ್ಸು ಸೀದಾ ಕಾಫಿ ರೇಟಿಗೆ, ಪಕ್ಕದವನ ಬೇಲಿ ತಕರಾರಿಗೆ ಓಡುತ್ತಿತ್ತು. ಸರಿ, ವಾಪಸ್ ಶುಭಸಂದೇಶ (ಬೈಬಲಿನಲ್ಲಿ ಯೇಸುವಿನ ಕಥೆ ಇರುವ ಭಾಗ) ಓದಿ ಧ್ಯಾನ, ಹತ್ತಿರ ಹತ್ತಿರ ಒಂದು ವರ್ಷ. ಪಾಪನಿವೇದನೆ ಕೇಳುವ ಫಾದರ್ ಒಬ್ಬರ ಹತ್ತಿರ ತಿಂಗಳಿಗೊಮ್ಮೆ ಈ ಮೂರನ್ನೂ ಇಟ್ಟು ಮಾತಾಡುತ್ತಿದ್ದೆ. ಒಬ್ಬನೇ ನಿರ್ಧಾರ ಮಾಡಬೇಡಿ, ನಮಗೆ ನಾವೇ ಮಾರ್ಕ್ಸ್ ಹಾಕಿಕೊಳ್ಳುವಾಗ ಕೈ ಧಾರಾಳ.

ಈಗ ಮಾಡುವುದು ಇಷ್ಟು. ಬೆಳಗ್ಗೆ ಐದೂಕಾಲಿಗೆ ಗೋಡೌನ್ ಮೂಲೆ, ಕಾಫಿ ಚೆರ್ರಿ (ಒಣಗಿಸಿದ ಹಣ್ಣು) ಮೂಟೆಗಳ ಪಕ್ಕ. ಮೊಬೈಲ್ ಅಡುಗೆಮನೆಯಲ್ಲಿ. ನಮ್ಮದೇ ತೋಟದ ಸಿಲ್ವರ್ ಓಕ್ ಮರದ ಹಲಗೆಯಲ್ಲಿ ಆಚಾರಿ ಮಾಡಿಕೊಟ್ಟ ಪುಟ್ಟ ಮಣೆ, ಕೂಲಿ 600 ರೂಪಾಯಿ. ಎತ್ತರ ಒಂದು ಗೇಣು, ಮುಂದಕ್ಕೆ ಸ್ವಲ್ಪ ಇಳಿಜಾರು. ಮೊಣಕಾಲೂರಿ ಅದನ್ನು ಹಿಮ್ಮಡಿಗಳ ಮೇಲೆ ದಾಟಿಸಿ ಇಟ್ಟು ಕೂತರೆ ಬೆನ್ನು ತಾನೇ ನೆಟ್ಟಗಿರುತ್ತದೆ, ಕಾಲು ಜೋಮು ಹಿಡಿಯುವುದಿಲ್ಲ. ಆ ಇಳಿಜಾರು ಸರಿ ಹೋಗಲು ಮೂರು ನಾಲ್ಕು ಸಲ ಉಜ್ಜಿಸಿದ್ದೇನೆ, ಆಚಾರಿಗೆ ಸಿಟ್ಟೇ ಬಂದಿತ್ತು. ಆ ದಿನದ ಶುಭಸಂದೇಶದ ನಾಲ್ಕೈದು ಸಾಲು ಓದಿ ಮುಚ್ಚಿಡುತ್ತೇನೆ. ಆಮೇಲೆ 20 ನಿಮಿಷ, ಒಂದೇ ಒಂದು ಪದ. ಅದನ್ನು ಜಪದ ಹಾಗೆ ಎಡೆಬಿಡದೆ ಹೇಳುವುದಲ್ಲ, ಮನಸ್ಸು ಹೊರಟಾಗ ಮಾತ್ರ ಮೆಲ್ಲಗೆ ತರುವುದು. ಪದ ಆದಷ್ಟು ಚಿಕ್ಕದಿರಲಿ ಅನ್ನುವುದು 14ನೇ ಶತಮಾನದ ಹೆಸರು ಹೇಳದ ಇಂಗ್ಲಿಷ್ ಬರಹಗಾರನೊಬ್ಬನ ಸಲಹೆ. 1970ರ ದಶಕದಲ್ಲಿ ಅಮೆರಿಕದ ಟ್ರಾಪಿಸ್ಟ್ ಅನ್ನುವ ಕಥೋಲಿಕ ಮಠದ ಸನ್ಯಾಸಿಗಳು ಅದನ್ನೇ ಹಿಡಿದು ದಿನಕ್ಕೆರಡು ಸಲ, 20 ನಿಮಿಷದ ಹಾಗೆ ಅಂತ ಸಾಮಾನ್ಯ ಜನರಿಗೆ ಕಲಿಸಿದರು. ನನ್ನ ಪದ ಯಾವುದು ಅಂತ ಕೇಳಬೇಡಿ. ಮೊದಲ ಎರಡು ನಿಮಿಷ ನಿದ್ದೆ ಬಾರದ ಹಾಗೆ ಏನು ಮಾಡುತ್ತೇನೆ ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದರೆ ನೋಡೋಣ.

ಸಂಜೆಯ ಸರದಿ ನನಗೆ ಇನ್ನೂ ಕೈ ಹತ್ತಿಲ್ಲ. ಕೊಯ್ಲಿನ ದಿನಗಳಲ್ಲಿ ಕಾಫಿ ತೂಕ, ಕೂಲಿ ಲೆಕ್ಕ ಮುಗಿಯುವಷ್ಟರಲ್ಲಿ ಮೈ ಸೋತಿರುತ್ತದೆ. ಅದರ ಬದಲು ಇನ್ನೊಂದು ಕಂಡುಕೊಂಡೆ. ಕಣದಲ್ಲಿ ಚೆರ್ರಿ ಕೆದಕುವಾಗ, ಹಲಗೆ ದೂಡುವಾಗ "ಯೇಸುವೇ", ಎಳೆಯುವಾಗ "ಕರುಣೆಯಿಡಿ". ಕಣದ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಉಸಿರೂ ಅದಕ್ಕೇ ಹೊಂದಿಕೊಂಡಿರುತ್ತದೆ, ಕಾಫಿಯೂ ಸಮನಾಗಿ ಒಣಗುತ್ತದೆ. ನಮ್ಮ ಆಳುಗಳಿಗಿಂತ ನಾನು ಕೆದಕಿದ ಸಾಲೇ ನೀಟಾಗಿರುತ್ತೆ, ಬೇಕಾದರೆ ಬಂದು ನೋಡಿ.

ಇದು ನಮ್ಮದಲ್ಲ, ಯೋಗದವರದು ಅಂತ ಒಬ್ಬರು ಜಗಳವನ್ನೇ ತೆಗೆದಿದ್ದರು. 1989ರಲ್ಲಿ ವ್ಯಾಟಿಕನ್ ಇದೇ ವಿಷಯಕ್ಕೆ ಬಿಷಪರಿಗೆ ಪತ್ರ ಬರೆದಿದೆ. ಬೇರೆ ಧರ್ಮದ ಪದ್ಧತಿ ಅಂದ ಮಾತ್ರಕ್ಕೆ ತಳ್ಳಿಹಾಕಬೇಡಿ ಅಂತಲೂ ಇದೆ, ಕೂತ ಭಂಗಿಯಿಂದ ಮೈಗೆ ಸಿಗುವ ಹಾಯನ್ನು ಪವಿತ್ರಾತ್ಮರ ಸಾಂತ್ವನ ಅಂದುಕೊಳ್ಳಬೇಡಿ ಅಂತಲೂ ಇದೆ. ಎರಡನೆಯದು ನನಗೆ ಬಹಳ ಉಪಯೋಗಕ್ಕೆ ಬಂತು. ಒಳಗೆ ಹಾಯೆನಿಸಿದ ದಿನವನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟೆ.

ಹಾಗಾದರೆ ಫಲ ಸಿಕ್ಕಿತು ಅಂತ ಹೇಗೆ ಹೇಳುತ್ತೀ ಅಂದರೆ, ನಾನು ಹೇಳಿದ್ದಲ್ಲ. ತೆರೇಸಾ 1577ರಲ್ಲಿ ಬರೆದ, ಆತ್ಮವನ್ನು ಏಳು ನಿವಾಸಗಳ ಕೋಟೆಯಾಗಿ ಹೇಳುವ ಪುಸ್ತಕದಲ್ಲಿ ಕೊನೆಯ ನಿವಾಸಕ್ಕೆ ಹೋದರೂ ಕೇಳುವುದು ಕೆಲಸವನ್ನೇ, ಒಳ್ಳೆಯ ಕೆಲಸ ಹುಟ್ಟಿತಾ ಇಲ್ಲವಾ ಅಂತ. ನಾನಿನ್ನೂ ಗೇಟಿನ ಹತ್ತಿರ ಇದ್ದೇನೆ, ಆದರೂ ಹೇಳುತ್ತೇನೆ. ಮೊದಲೆಲ್ಲ ಯಾರಾದರೂ ಹಸಿರು ಕಾಯಿ ಕಿತ್ತರೆ ನನ್ನ ಕೂಗಾಟ ಆಳುಗಳ ಲೈನ್ ಮನೆಗಳವರೆಗೂ ಕೇಳುತ್ತಿತ್ತು. ಹೋದ ಕೊಯ್ಲಿನಲ್ಲಿ ಒಂದು ದಿನ ಅರ್ಧ ಚೀಲ ಹಸಿರೇ ಬಂತು. ಹೆಂಗಸರ ಹತ್ತಿರ ಹೋಗಿ, ಹಣ್ಣಾದ್ದು ಮಾತ್ರ ಕೀಳ್ರಮ್ಮಾ ಅಂತ ಹೇಳಿ ವಾಪಸ್ ಬಂದೆ. ಮೇಸ್ತ್ರಿ ಹಿಂದೆಯೇ ಬಂದು, "ಯಾಕೆ ಸಾರ್, ಮೈ ಹುಷಾರಿಲ್ವಾ?" ಅಂದ. ಸಂಜೆ ಅದನ್ನೇ ನನ್ನ ಹೆಂಡತಿಗೂ ಹೇಳಿದ್ದಾನೆ, ಅವಳು ತನ್ನ ಅಣ್ಣನಿಗೆ, ಅದೇ ನನ್ನ ಬಾವನಿಗೆ ಹೇಳಿದ್ದಾಳೆ.

ಶುರು ಮಾಡುವವರಿಗೆ ಒಂದೇ ಮಾತು, ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ನಲವತ್ತು ದಿನ) ಶುರು ಮಾಡಬೇಡಿ. ಆಗ ಹುಮ್ಮಸ್ಸು ಜಾಸ್ತಿ, ಈಸ್ಟರ್ ಊಟದ ಜೊತೆ ಅದೂ ಮುಗಿಯುತ್ತೆ. ಜೂನ್-ಜುಲೈ ಒಳ್ಳೆಯದು, ಮಳೆಗೆ ಎಲ್ಲಿಗೂ ಹೋಗುವ ಹಾಗಿರುವುದಿಲ್ಲ. ಬಾವನೂ ಈಗ ಮಣೆ ಮಾಡಿಸಲು ಹೊರಟಿದ್ದಾನೆ. ಆಚಾರಿ 900 ಕೇಳಿದನಂತೆ, ಉಜ್ಜುವ ಕೂಲಿ ಬೇರೆ.