ಪೋಲೊದ ಬ್ರೇಕಿಗೆ ಗಾಳಿ, ತಳಕ್ಕೆ ಹೊದಿಕೆ: ಎರಡೂ ಒಂದೇ ಕೆಲಸ

ಬ್ರೇಕ್ ಡಕ್ಟ್ (ಬ್ರೇಕಿಗೆ ತಣ್ಣನೆ ಗಾಳಿ ಒಯ್ಯುವ ಕೊಳವೆ) ಬೇರೆ, ಅಂಡರ್‌ಪ್ಯಾನಲ್ (ಕಾರಿನ ತಳ ಮುಚ್ಚುವ ಹಲಗೆ) ಬೇರೆ ಅಂದುಕೊಂಡು ಕೆಲಸ ಶುರು ಮಾಡಿದರೆ ಎರಡನ್ನೂ ಎರಡೆರಡು ಸಲ ಮಾಡಬೇಕಾಗುತ್ತದೆ. ಕಾರಿನ ಮುಂದಿನ ತಳ ಮುಚ್ಚಿದ ಕೂಡಲೇ, ಅಲ್ಲಿಯತನಕ ಬಂಪರ್ ಅಡಿಯಿಂದ ನುಗ್ಗಿ ಬ್ರೇಕ್ ಡಿಸ್ಕಿಗೆ ತಾಗುತ್ತಿದ್ದ ಗಾಳಿ ನಿಂತುಹೋಗುತ್ತದೆ. ಆಮೇಲೆ ಡಕ್ಟ್ ಹಾಕೋಣ ಅಂದರೆ, ಹೋಸ್ ಹೋಗಬೇಕಾದ ಜಾಗದಲ್ಲೇ ಪ್ಯಾನಲಿನ ಬ್ರಾಕೆಟ್ ಕೂತಿರುತ್ತದೆ. ಹಾಗಾಗಿ ಮೊದಲು ಡಕ್ಟ್, ಆಮೇಲೆ ಪ್ಯಾನಲ್. ಅಳತೆ ಮಾತ್ರ ಎರಡಕ್ಕೂ ಒಟ್ಟಿಗೇ ತೆಗೆಯಬೇಕು.

ನನ್ನ ಕಾರು ಫೋಕ್ಸ್‌ವ್ಯಾಗನ್ ಪೋಲೊ. ಹಿಂದಿನ ಸೀಟು, ಸ್ಟೆಪ್ನಿ ತೆಗೆದ ಮೇಲೆ ಚಾಲಕನೂ ಸೇರಿ ಸುಮಾರು 1,150 ಕಿಲೊ. ಓಡುವುದು ಹೆಚ್ಚಾಗಿ ಇರುಂಗಾಟ್ಟುಕೋಟೈನ ಮದ್ರಾಸ್ ರೇಸ್ ಟ್ರ್ಯಾಕ್ ಮತ್ತು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ. ಬೆಂಗಳೂರಿನಿಂದ ರಸ್ತೆಯಲ್ಲೇ ಓಡಿಸಿಕೊಂಡು ಹೋಗುವುದರಿಂದ ಸ್ಪೀಡ್ ಬ್ರೇಕರ್ ಲೆಕ್ಕವೂ ಇದರಲ್ಲಿ ಸೇರಿದೆ.

ಶಾಖದ ಲೆಕ್ಕ ಹೀಗೆ. ಈ ತೂಕದ ಕಾರನ್ನು ಗಂಟೆಗೆ 160 ಕಿ.ಮೀ.ಯಿಂದ 80ಕ್ಕೆ ಇಳಿಸಿದರೆ ಸುಮಾರು 850 ಕಿಲೊಜೂಲ್ ಶಕ್ತಿ ಬ್ರೇಕಿಗೆ ಹೋಗುತ್ತದೆ. ಅದರಲ್ಲಿ ನೂರಕ್ಕೆ 70 ಪಾಲು ಮುಂದಿನ ಚಕ್ರಗಳಿಗೆ ಅಂತ ಹಿಡಿದರೂ ಒಂದೊಂದು ಮುಂದಿನ ಡಿಸ್ಕಿಗೆ 300 ಕಿಲೊಜೂಲ್. ಐದು ಕಿಲೊ ಬೀಡುಕಬ್ಬಿಣದ ಡಿಸ್ಕ್ ಆದರೆ ಒಂದೇ ಸಲಕ್ಕೆ 120 ಡಿಗ್ರಿ ಏರಿತು. ಮುಂದಿನ ತಿರುವಿನೊಳಗೆ ಅಷ್ಟೂ ಇಳಿಯದಿದ್ದರೆ ಮಿಕ್ಕದ್ದು ಸುತ್ತಿಂದ ಸುತ್ತಿಗೆ ಪೇರಿಸುತ್ತಾ ಹೋಗುತ್ತದೆ. ಡಕ್ಟ್ ಕೆಲಸ ಆ ಮಿಕ್ಕದ್ದನ್ನು ಇಳಿಸುವುದು ಅಷ್ಟೇ. ಒಂದು ಸಲದ ಏರಿಕೆಯನ್ನು ಅದು ಕಡಿಮೆ ಮಾಡುವುದಿಲ್ಲ, ಅದಕ್ಕೆ ದೊಡ್ಡ ಡಿಸ್ಕೇ ಬೇಕು. ಗಾಳಿಯ ಹರಿವು ಕಾರಿನ ವೇಗವನ್ನು ನಂಬಿಕೊಂಡಿದೆ. ಆದ್ದರಿಂದ 2.1 ಕಿ.ಮೀ. ಉದ್ದದ ಕರಿಯಂಥ ಚಿಕ್ಕ ಟ್ರ್ಯಾಕಿಗಿಂತ ಉದ್ದ ನೇರ ದಾರಿ ಇರುವ ಟ್ರ್ಯಾಕಿನಲ್ಲಿ ಡಕ್ಟಿನ ಲಾಭ ಚೆನ್ನಾಗಿ ಕಾಣುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಕಾಯಿಲೆ ಯಾವುದು ಅಂತ ನೋಡಿಕೊಳ್ಳಿ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ (ಡಿಸ್ಕನ್ನು ಉಜ್ಜಿ ಹಿಡಿಯುವ ತುಂಡು) ತನ್ನ ಶಾಖದ ಮಿತಿ ದಾಟಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿಗೆ ಇರಬೇಕಾದ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ತೇವ ಹೀರಿದ ಮೇಲೆ 155. ಎರಡು ವರ್ಷದ ಹಳೇ ಆಯಿಲ್ ಇಟ್ಟುಕೊಂಡು ಡಕ್ಟ್ ಹಾಕುವುದು ದುಡ್ಡು ದಂಡ. ಡಿಸ್ಕಿನ ಅಂಚಿಗೆ ಥರ್ಮಲ್ ಪೇಂಟಿನ ಮೂರು ಬೊಟ್ಟು ಇಡಿ: ಹಸಿರು 430, ಕೇಸರಿ 560, ಕೆಂಪು 610 ಡಿಗ್ರಿಯಲ್ಲಿ ಬಣ್ಣ ಬಿಡುತ್ತವೆ. ಕ್ಯಾಲಿಪರಿಗೆ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಶಾಖದ ಸ್ಟಿಕ್ಕರ್ ಅಂಟಿಸಿ. ಪಿಟ್ಟಿಗೆ ಬಂದ ಮೇಲೆ ಐಆರ್ ಗನ್ (ದೂರದಿಂದಲೇ ಶಾಖ ಅಳೆಯುವ ಸಾಧನ) ಹಿಡಿಯುವುದನ್ನು ನಂಬಬೇಡಿ. ಕೂಲ್‌ಡೌನ್ ಸುತ್ತಿನಲ್ಲಿ ಡಿಸ್ಕ್ ಆಗಲೇ ತಣಿದಿರುತ್ತದೆ, ಹೊಳೆಯುವ ಲೋಹದ ಮೇಲೆ ಗನ್ ಇನ್ನೂ ಕಡಿಮೆ ತೋರಿಸುತ್ತದೆ.

ಗಾಳಿಯನ್ನು ಎಲ್ಲಿ ಬಿಡಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ವೆಂಟೆಡ್ ಡಿಸ್ಕ್ (ಎರಡು ಮುಖಗಳ ನಡುವೆ ಗಾಳಿ ಹೋಗುವ ಸಂದುಗಳಿರುವ ಡಿಸ್ಕ್) ಅಂದರೆ ಒಂದು ಪಂಪು. ನೀರೆತ್ತುವ ಪಂಪಿನ ಇಂಪೆಲ್ಲರ್ ಹಾಗೆಯೇ ನಡುವಿನ ಕಣ್ಣಿನಿಂದ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತದೆ. ಡಕ್ಟಿನ ಗಾಳಿ ಆ ಕಣ್ಣಿಗೇ ಹೋಗಬೇಕು. ಡಿಸ್ಕಿನ ಒಳಮುಖಕ್ಕೆ ಹೋಸ್ ತಿರುಗಿಸಿಟ್ಟರೆ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ ಉಳಿದು ಡಿಸ್ಕ್ ಬುಟ್ಟಿಯ ಹಾಗೆ ಬಾಗುತ್ತದೆ, ಬಿರುಕೂ ಬೇಗ ಬರುತ್ತದೆ. ಕ್ಯಾಲಿಪರಿಗೆ ನೇರ ಊದಿದರೆ ಆಯಿಲಿಗೆ ಒಂದಿಷ್ಟು ಅನುಕೂಲ, ಡಿಸ್ಕಿಗೆ ಏನೂ ಇಲ್ಲ. ಚಕ್ರ ಬಿಚ್ಚಿ, ಡಿಸ್ಕ್ ತೆಗೆದು, ಗಾಳಿ ಹೋಗುವ ಸಂದುಗಳ ಬಾಯಿ ಯಾವ ಕಡೆಗಿದೆ ಅಂತ ಬೆರಳಾಡಿಸಿ ನೋಡಿ. ಒಳಗಡೆಗಿದ್ದರೆ ಸರಿ. ಕೆಲವು ಕಾರುಗಳಲ್ಲಿ ಡಿಸ್ಕಿನ ಟೋಪಿ (ಹಬ್ಬಿನ ಮೇಲೆ ಕೂರುವ ಉಬ್ಬಿದ ನಡುಭಾಗ) ಒಳಮುಖಕ್ಕೆ ಸೇರಿಕೊಂಡಿದ್ದು ಬಾಯಿ ಹೊರಗಡೆ, ಚಕ್ರದ ಕಡೆಗೆ ಇರುತ್ತದೆ. ಅಂಥದ್ದಕ್ಕೆ ಒಳಗಿಂದ ಎಷ್ಟು ಗಾಳಿ ಊದಿದರೂ ಕಣ್ಣಿಗೆ ಸೇರುವುದಿಲ್ಲ. ಬೇರೆ ವಿನ್ಯಾಸದ ಡಿಸ್ಕ್ ಹುಡುಕುವುದೇ ದಾರಿ.

ಬ್ಯಾಕಿಂಗ್ ಪ್ಲೇಟನ್ನು (ಡಕ್ಟಿನ ಗಾಳಿಯನ್ನು ಡಿಸ್ಕಿನ ಕಣ್ಣಿಗೆ ತಿರುಗಿಸುವ ತಗಡು) 2 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಿಸಿದೆ. ಮೂಲ ಡಸ್ಟ್ ಶೀಲ್ಡನ್ನು (ಡಿಸ್ಕಿನ ಹಿಂದಿರುವ ತಗಡಿನ ಮರೆ) ಬಿಚ್ಚಿ ರಟ್ಟಿನ ಮೇಲಿಟ್ಟು ಗುರುತು ಹಾಕಿಕೊಂಡರೆ ಬೋಲ್ಟಿನ ತೂತುಗಳು ತಪ್ಪುವುದಿಲ್ಲ. ಪ್ಲೇಟು ಕಣ್ಣಿನ ಸುತ್ತ ಮುಚ್ಚಬೇಕು, ಡಿಸ್ಕಿಗೂ ಅದಕ್ಕೂ 4ರಿಂದ 5 ಮಿ.ಮೀ. ಸಂದು ಸಾಕು. ಅದಕ್ಕಿಂತ ಕಡಿಮೆ ಇಟ್ಟರೆ ಬೇರಿಂಗ್ ಸ್ವಲ್ಪ ಆಟ ಕೊಟ್ಟ ದಿನ ಕಿರುಗುಟ್ಟುತ್ತದೆ, ಹೆಚ್ಚಾದರೆ ಗಾಳಿ ಪಕ್ಕಕ್ಕೆ ಸೋರುತ್ತದೆ. ಡಸ್ಟ್ ಶೀಲ್ಡನ್ನು ಪೂರ್ತಿ ಎಸೆದುಬಿಡಿ ಅನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ಅದು ಧೂಳಿಗಷ್ಟೇ ಇರುವುದಲ್ಲ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಆಕ್ಸಲ್ ಬೂಟುಗಳ ರಬ್ಬರಿಗೆ ಡಿಸ್ಕಿನ ಕಾವು ಹೊಡೆಯದಂತೆ ತಡೆಯುವುದೂ ಅದೇ. ಹೊಸ ಪ್ಲೇಟಿನಲ್ಲೂ ಆ ಭಾಗಗಳ ಎದುರಿನ ಮರೆ ಉಳಿಸಿಕೊಳ್ಳಿ.

ಪ್ಲೇಟಿಗೆ ಕೂರಿಸುವ ಕೊಳವೆ 63 ಮಿ.ಮೀ. ಗುಂಡಗೆ ಇದ್ದರೆ ನಕಲ್ (ಚಕ್ರದ ಹಬ್ ಹಿಡಿದಿರುವ ಗಟ್ಟಿ ಲೋಹದ ತುಂಡು) ಮತ್ತು ಡಿಸ್ಕ್ ನಡುವೆ ಹಿಡಿಸುವುದಿಲ್ಲ. ವೈಸಿನಲ್ಲಿ ಒತ್ತಿ 80×35ರ ಮೊಟ್ಟೆಯಾಕಾರಕ್ಕೆ ತಂದರೆ ಹಿಡಿಸುತ್ತದೆ. ಸುತ್ತಳತೆ ಅಷ್ಟೇ ಇದ್ದರೂ ವಿಸ್ತೀರ್ಣ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಆದರೂ 50 ಮಿ.ಮೀ. ಗುಂಡು ಕೊಳವೆಗಿಂತ ಇದೇ ಮೇಲು. ಆರ್ಗಾನ್ ವೆಲ್ಡಿಂಗ್ ಮಾಡುವ ಯಾವುದೇ ಅಂಗಡಿಯಲ್ಲಿ ಕೂರಿಸಿಕೊಡುತ್ತಾರೆ. ವೆಲ್ಡ್ ಆದ ಮೇಲೆ ಪ್ಲೇಟ್ ಸೊಟ್ಟಗಾಗಿರುತ್ತದೆ, ಮಟ್ಟ ಮಾಡಿಯೇ ಕಾರಿಗೆ ಹಾಕಿ.

ಹೋಸಿನ ವಿಷಯದಲ್ಲಿ ಜಿಪುಣತನ ಬೇಡ. ಒಳಗೆ ತಂತಿ ಸುರುಳಿ, ಮೇಲೆ ಸಿಲಿಕೋನ್ ಹಚ್ಚಿದ ಫೈಬರ್‌ಗ್ಲಾಸ್ ಬಟ್ಟೆ ಇರುವ ಎರಡು ಪದರದ್ದು ಬೇಕು. ಕಪ್ಪು ನಿಯೋಪ್ರೀನ್ ಹೋಸ್ ಬಂಪರಿನಿಂದ ಲೈನರ್ (ಚಕ್ರದ ಗೂಡಿನ ಒಳಹೊದಿಕೆ) ತನಕ ನಡೆಯುತ್ತದೆ, ಡಿಸ್ಕಿನ ಹತ್ತಿರ ಸುಟ್ಟುಹೋಗುತ್ತದೆ. ಅಡುಗೆಮನೆ ಚಿಮಣಿಯ ಅಲ್ಯೂಮಿನಿಯಂ ಹಾಳೆ ಪೈಪು ಒಂದು ದಿನವೂ ಬಾಳುವುದಿಲ್ಲ. ಎರಡೂ ಕಡೆಗೆ ಸೇರಿ ಎರಡೂವರೆ ಮೀಟರ್ ಸಾಕಾಯಿತು. ಹೋಸನ್ನು ಎಳೆದು ಉದ್ದ ಮಾಡಿ ಕೂರಿಸಿದರೆ ಒಳಗಿನ ಸುಕ್ಕು ಕಡಿಮೆಯಾಗಿ ಗಾಳಿ ಸಲೀಸಾಗಿ ಹೋಗುತ್ತದೆ, ಆದರೆ ಸಸ್ಪೆನ್ಶನ್ ಆಡುವ ಕಡೆ ಮಾತ್ರ ಸಡಿಲ ಇರಲಿ. ತೀಕ್ಷ್ಣ ತಿರುವು ಒಂದೇ ಇದ್ದರೂ ಹರಿವು ಕುಸಿಯುತ್ತದೆ.

ಗಾಳಿ ಒಳಬರುವ ಬಾಯಿಗೆ ಫಾಗ್ ಲ್ಯಾಂಪಿನ ಜಾಗ ಹೇಳಿಮಾಡಿಸಿದ್ದು, ಯಾಕೆಂದರೆ ಬಂಪರಿನ ಎದುರುಮುಖದಲ್ಲಿ ಒತ್ತಡ ಹೆಚ್ಚು. ಬಾಯಿಯ ಅಂಚು 10 ಮಿ.ಮೀ.ಯಷ್ಟಾದರೂ ದುಂಡಗಿರಲಿ, ಹರಿತ ಅಂಚಿನಲ್ಲಿ ಗಾಳಿ ಸುಳಿಯಾಗಿ ಒಳದಾರಿಯನ್ನೇ ಕಿರಿದು ಮಾಡುತ್ತದೆ. ಹೋಸು 63 ಮಿ.ಮೀ. ಇರುವಾಗ ಎದುರಿಗೆ ದೊಡ್ಡ ಆಲಿಕೆ ಇಟ್ಟರೆ ಹೆಚ್ಚು ಗಾಳಿ ಬರುತ್ತದೆ ಅನ್ನುವುದು ಭ್ರಮೆ. ತುಂಬಿದ ಕೊಡಕ್ಕೆ ಸುರಿದ ಹಾಗೆ ಹೆಚ್ಚಿನದು ಹೊರಗೇ ಚೆಲ್ಲಿ ಡ್ರ್ಯಾಗ್ (ಗಾಳಿಯ ತಡೆ) ಆಗುತ್ತದೆ. ನಾಕಾ ಡಕ್ಟ್ (ಮೇಲ್ಮೈಯಲ್ಲೇ ತಗ್ಗಾಗಿ ಕೊರೆದ ಗಾಳಿಯ ಬಾಯಿ) ನೋಡಲು ಚೆಂದ, ಆದರೆ ಅದು ಗಾಳಿ ಮೇಲ್ಮೈಗೆ ಸಮಾನಾಂತರವಾಗಿ ನಯವಾಗಿ ಹರಿಯುವ ಕಡೆಗೆ ಮಾಡಿದ್ದು. ಬಂಪರಿನ ಎದುರಿಗೆ ಅದಕ್ಕೆ ಕೆಲಸವಿಲ್ಲ. ಬಾಯಿಗೆ 6 ಮಿ.ಮೀ. ಕಣ್ಣಿನ ಜಾಲರಿ ಹಾಕಿ. ಟಯರ್ ಚೂರುಗಳು ಡಿಸ್ಕಿನ ಸಂದಿಗೆ ಹೋಗಿ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ.

ಹೋಸಿನ ದಾರಿ ನೋಡುವಾಗ ಸ್ಪ್ರಿಂಗ್ ಕಳಚಿ ಸ್ಟ್ರಟ್ (ಶಾಕ್ ಅಬ್ಸಾರ್ಬರ್) ಮಾತ್ರ ಕೂರಿಸಿ, ಜ್ಯಾಕಿನಿಂದ ನಕಲನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ, ಪ್ರತಿ ಮಟ್ಟದಲ್ಲೂ ಸ್ಟೇರಿಂಗ್ ಎರಡೂ ಕಡೆ ಕೊನೆತನಕ ತಿರುಗಿಸಿ. ಟಯರಿಗೆ 15 ಮಿ.ಮೀ. ಅಂತರ ಸಿಗಬೇಕು. ಪೋಲೊದಲ್ಲಿ ಪೂರ್ತಿ ತಿರುಗಿಸಿದಾಗ ಸಿಗಲಿಲ್ಲ, ಆ ಜಾಗದಲ್ಲಿ ಹೋಸನ್ನೂ ಮೊಟ್ಟೆಯಾಕಾರಕ್ಕೆ ಅದುಮಿ ಲೋವರ್ ಆರ್ಮಿಗೆ ಸ್ಟೀಲ್ ಟೈ ಹಾಕಿ ಕಟ್ಟಿದ್ದೇನೆ. ಟ್ರ್ಯಾಕಿನಲ್ಲಿ ಯಾರೂ ಅಷ್ಟು ತಿರುಗಿಸುವುದಿಲ್ಲ ನಿಜ, ಪ್ಯಾಡಾಕಿನಲ್ಲಿ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಅಂಗಳ) ರಿವರ್ಸ್ ತೆಗೆಯುವಾಗಲೇ ಹೋಸ್ ಹರಿಯುವುದು. ಎಬಿಎಸ್ ವೈರು, ಬ್ರೇಕ್ ಹೋಸ್ ಇವೆರಡಕ್ಕೆ ಡಕ್ಟ್ ಉಜ್ಜಲೇಬಾರದು.

ಇನ್ನು ತಳ. ಬೋರ್ಡ್ ಬರೆಯುವವರ ಹತ್ತಿರ ಸಿಗುವ 3 ಮಿ.ಮೀ. ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳು) ಅಗ್ಗ, ಗಡುಸು, ಚದರ ಮೀಟರಿಗೆ ನಾಲ್ಕು ಕಿಲೊದೊಳಗೆ. 8×4 ಅಡಿಯ ಒಂದೇ ಶೀಟಿನಲ್ಲಿ ಮುಂಭಾಗವೂ ಎರಡು ಪಕ್ಕದ ಪಟ್ಟಿಗಳೂ ಆಗುತ್ತವೆ. ಅದರ ತಿರುಳು ಸಾಮಾನ್ಯವಾಗಿ ಪಾಲಿಎಥಿಲೀನ್, 110 ಡಿಗ್ರಿ ಹೊತ್ತಿಗೆ ಮೆತ್ತಗಾಗುತ್ತದೆ, ಬೆಂಕಿ ಸಿಕ್ಕರೆ ಉರಿಯುತ್ತದೆ. ಆದ್ದರಿಂದ ಬಂಪರಿನಿಂದ ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಶನ್ ಹೊರುವ ಅಡಿಚೌಕಟ್ಟು) ತನಕ ಮಾತ್ರ ಎಸಿಪಿ. ಎಕ್ಸಾಸ್ಟ್ ಹಾದುಹೋಗುವ ಕಡೆ 1.2 ಮಿ.ಮೀ. ಅಲ್ಯೂಮಿನಿಯಂ ಹಾಕಿ, ಪೈಪಿನಿಂದ 50 ಮಿ.ಮೀ. ದೂರ ಬಿಟ್ಟಿದ್ದೇನೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡುವ, ತುಂಬಾ ಕಾಯುವ ಡಬ್ಬಿ) ಕೆಳಗೆ ಏನೂ ಹಾಕಿಲ್ಲ.

ಪ್ಯಾನಲ್ ಮೇಲೆ ಬೀಳುವ ಬಲವನ್ನು ಕಡಿಮೆ ಅಂದಾಜು ಮಾಡಬೇಡಿ. ಗಂಟೆಗೆ 150 ಕಿ.ಮೀ.ಯಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ನೂರು ಕಿಲೊ ತೂಕದಷ್ಟು. ಅದರ ಅರ್ಧದಷ್ಟು ಹೀರಿಕೆ 0.6 ಚದರ ಮೀಟರಿನ ಹಲಗೆಯ ಮೇಲೆ ಬಂದರೂ 30 ಕಿಲೊ ಕೆಳಗೆ ಜಗ್ಗುತ್ತದೆ, ಜೊತೆಗೆ ನಡುಕ ಬೇರೆ. ಬಂಪರಿನ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ನಂಬಿದರೆ ಬಂಪರೂ ಕಿತ್ತುಬರುತ್ತದೆ. ರೇಡಿಯೇಟರ್ ಕ್ರಾಸ್‌ಮೆಂಬರಿನಿಂದ ಎರಡು, ಸಬ್‌ಫ್ರೇಮಿನಿಂದ ನಾಲ್ಕು ಬ್ರಾಕೆಟ್ ಇಳಿಸಿ, ಎಂ6 ರಿವೆಟ್ ನಟ್ (ತಗಡಿನ ತೂತಿನಲ್ಲೇ ಕಚ್ಚಿಕೊಳ್ಳುವ ನಟ್) ಕೂರಿಸಿದೆ. ಅದಕ್ಕೆ 9 ಮಿ.ಮೀ. ತೂತು ಬೇಕು. ಹಲಗೆಯ ತೂತು ಮಾತ್ರ 8 ಮಿ.ಮೀ., ಮೇಲೆ ಅಗಲ ವಾಷರ್. ಬಿಗಿಯಾಗಿ 6ಕ್ಕೇ ಕೊರೆದರೆ ಬಿಸಿಗೆ ಹಿಗ್ಗಿದಾಗ ತೂತಿನ ಅಂಚು ಹರಿಯುತ್ತದೆ. ಮುಂದಿನ ಸಾಲಿಗೆ ಕಾಲು ಸುತ್ತು ತಿರುಗಿಸಿದರೆ ಬಿಚ್ಚುವ ಡ್ಜುಸ್ ಫಾಸ್ಟನರ್ ಹಾಕಿರುವುದರಿಂದ ಮುಂಭಾಗದ ಹಲಗೆಯನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಪ್ಯಾಡಾಕಿನಲ್ಲಿ ಹತ್ತು ನಿಮಿಷದಲ್ಲಿ ಕೂರಿಸಬಹುದು. ಹಾಕಿಕೊಂಡೇ ಹೊರಟರೆ ಊರು ದಾಟುವ ಮೊದಲೇ ಸ್ಪೀಡ್ ಬ್ರೇಕರ್‌ಗೆ ಬಲಿ.

ಜೋಡಣೆ ಹೆಂಚು ಹೊದಿಸಿದ ಹಾಗೆ: ಮುಂದಿನ ಹಲಗೆಯ ಹಿಂದಂಚು ಕೆಳಗೆ, ಹಿಂದಿನದರ ಮುಂದಂಚು ಅದರ ಮೇಲೆ, 25 ಮಿ.ಮೀ. ಒತ್ತು. ತಿರುಗುಮುರುಗಾದರೆ ಗಾಳಿ ಅಂಚಿಗೆ ಬೆರಳು ಹಾಕಿ ಎಬ್ಬಿಸುತ್ತದೆ.

ತಳ ಮುಚ್ಚಿದ ಮೇಲೆ ರೇಡಿಯೇಟರ್ ದಾಟಿ ಬಂದ ಬಿಸಿಗಾಳಿಗೆ ಹೊರದಾರಿ ಬೇಕಲ್ಲ. ಹಲಗೆಯನ್ನು ಫೈರ್‌ವಾಲ್ (ಎಂಜಿನ್ ಕೋಣೆಯ ಹಿಂಗೋಡೆ) ತನಕ ಎಳೆಯದೆ ಸಬ್‌ಫ್ರೇಮಿನ ಹಿಂದೆ ಪೂರ್ತಿ ಅಗಲಕ್ಕೆ 80 ಮಿ.ಮೀ. ಬಿಟ್ಟಿದ್ದೇನೆ. ಆ ಸಂದಿನ ಮುಂದಂಚನ್ನು 10 ಮಿ.ಮೀ. ಕೆಳಕ್ಕೆ ಮಡಚಿದರೆ ಹಾದುಹೋಗುವ ಗಾಳಿ ಒಳಗಿನದನ್ನು ಎಳೆದುಕೊಳ್ಳುತ್ತದೆ. ಮೊದಲ ಸೆಷನ್ನಿನಲ್ಲಿ ಐದು ಸುತ್ತಿಗಿಂತ ಹೆಚ್ಚು ಓಡಿಸದೆ ಕೂಲೆಂಟ್, ಎಂಜಿನ್ ಆಯಿಲ್ ಎರಡರ ಉಷ್ಣತೆಯನ್ನೂ ಒಬಿಡಿಯಲ್ಲಿ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಪೋರ್ಟ್) ನೋಡಿ. ಏರುತ್ತಲೇ ಇದ್ದರೆ ಸಂದು ದೊಡ್ಡದು ಮಾಡಿ. ಹಲಗೆಯ ತಗ್ಗಿನಲ್ಲಿ 8 ಮಿ.ಮೀ.ಯ ನಾಲ್ಕು ತೂತು ಇರಲಿ, ಸೋರಿದ ಆಯಿಲ್ ಅಲ್ಲೇ ಮಡುಗಟ್ಟಿದರೆ ಬೆಂಕಿಗೆ ಆಹ್ವಾನ. ಡ್ರೈನ್ ಬೋಲ್ಟಿನ ಕೆಳಗೆ ಪುಟ್ಟ ಬಾಗಿಲು ಮಾಡಿಕೊಳ್ಳದಿದ್ದರೆ ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಹಲಗೆ ಬಿಚ್ಚಬೇಕು.

ಡಕ್ಟ್ ಬರುವ ಮುಂಚೆ ಹಸಿರು, ಕೇಸರಿ ಎರಡೂ ಬಣ್ಣ ಬಿಡುತ್ತಿದ್ದವು. ಈಗ ತಳ ಮುಚ್ಚಿಯೂ ಹಸಿರು ಮಾತ್ರ ಹೋಗುತ್ತದೆ, ಕೇಸರಿ ಹಾಗೇ ಇದೆ. ಮಳೆಯಲ್ಲಿ ಟ್ರ್ಯಾಕ್ ಪ್ಯಾಡ್ ಕಾವೇರದೆ ಕಚ್ಚುವುದೇ ಇಲ್ಲ, ಆಗ ಎರಡೂ ಬಾಯಿಗೆ ಅರ್ಧ ಟೇಪ್ ಅಂಟಿಸುತ್ತೇನೆ. ಒಂದು ಕಡೆಯದು ಕಿತ್ತುಹೋದರೆ ಎಡಬಲ ಬ್ರೇಕಿನ ಹಿಡಿತ ಬೇರೆಯಾಗಿ ಕಾರು ಒಂದು ಬದಿಗೆ ಎಳೆಯುತ್ತದೆ, ಹಾಗಾಗಿ ಟೇಪಿನ ಅಂಚನ್ನು ಬಂಪರಿನ ಒಳಕ್ಕೆ ಮಡಚಿ ಒತ್ತಬೇಕು.