ಒಬ್ಬಳೇ ಲೇಖಕಿ, ಮೂರು ಹೆಸರು: ಪೇಪರ್ ಪಟ್ಟಿ ಸರಿ ಮಾಡಿಕೊಂಡ ನನ್ನ ಅನುಭವ

ಬಡ್ತಿಯ ಅರ್ಜಿಯಲ್ಲಿ ಮೂರು ಕಾಲಂ ಇದ್ದವು. ಒಟ್ಟು ಸಂಶೋಧನಾ ಪೇಪರ್ ಎಷ್ಟು, ಒಟ್ಟು ಸೈಟೇಶನ್ (ಬೇರೆಯವರು ನಮ್ಮ ಪೇಪರ್ ಉಲ್ಲೇಖಿಸಿದ್ದು) ಎಷ್ಟು, ಈ ಎರಡರಿಂದ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಷ್ಟು. ಐದು ನಿಮಿಷದ ಕೆಲಸ ಅಂತ ಕೂತೆ. ಒಂದು ಕಡೆ ನೋಡಿದರೆ ಎಚ್-ಇಂಡೆಕ್ಸ್ 11, ಇನ್ನೊಂದು ಕಡೆ 6. ಹೆಸರು ಹಾಕಿ ಹುಡುಕಿದರೆ ನನ್ನ ಅರ್ಧ ಪೇಪರ್‌ಗಳು ಕಾಣಿಸಲೇ ಇಲ್ಲ. ನಾನು ಮೈಕ್ರೋಬಯಾಲಜಿಯವಳು, ಮಲೆನಾಡಿನ ಅಂಚಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ, ಲ್ಯಾಬ್, ಬಿಡುವಾದಾಗ ಸಂಶೋಧನೆ. ಈ ಲೆಕ್ಕ ಸರಿ ಮಾಡಲು ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಹೆಸರಿನದೇ. ನನ್ನ ಹೆಸರು ಸವಿತಾ ಎಚ್. ಎನ್. ಎಂದಿಟ್ಟುಕೊಳ್ಳಿ. ಎಚ್ ಅಂದರೆ ಊರು, ಎನ್ ಅಂದರೆ ಅಪ್ಪ. ನಮ್ಮಲ್ಲಿ ಬಹಳ ಜನರ ಹೆಸರು ಹೀಗೇ ಅಲ್ವಾ? ಜರ್ನಲ್‌ನ ಫಾರ್ಮಿನಲ್ಲಿ ಮಾತ್ರ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡಕ್ಕೂ ಕೆಂಪು ಚುಕ್ಕಿ, ಖಾಲಿ ಬಿಡುವಂತಿಲ್ಲ. ಪೇಪರ್ ಕಳಿಸಿದವರು ಒಂದೊಂದು ಸಲ ಒಬ್ಬೊಬ್ಬರು. ಒಬ್ಬರು ಲಾಸ್ಟ್ ನೇಮ್ ಜಾಗಕ್ಕೆ ಬರೀ 'ಎನ್' ಹಾಕಿದರು. ಅಲ್ಲಿ ನಾನು 'ಎನ್, ಎಸ್‌ಎಚ್' ಆದೆ. ಇನ್ನೊಬ್ಬರು 'ಸವಿತಾ, ಎಚ್‌ಎನ್' ಅಂತ ಹಾಕಿದರು. ಮೂರನೆಯವರು ಪಾಸ್‌ಪೋರ್ಟ್ ನೋಡಿ ಅಪ್ಪನ ಪೂರ್ತಿ ಹೆಸರನ್ನೇ ಸರ್‌ನೇಮ್ ಮಾಡಿದರು. ಹೆಸರು ಓದಿ ಜನರನ್ನು ಗುರುತಿಸುವ ಸಾಫ್ಟ್‌ವೇರ್‌ಗೆ ಇವರು ಮೂರು ಜನ. ಆ 'ಎನ್' ಎಂಬಾಕೆ ಎರಡು ಒಳ್ಳೆಯ ಪೇಪರ್ ಬರೆದು ಆಮೇಲೆ ಪತ್ತೆಯೇ ಇಲ್ಲ!

ಸರಿ ಮಾಡುವುದು ಕಷ್ಟವಲ್ಲ, ಬೇಜಾರಿನ ಕೆಲಸ ಅಷ್ಟೇ. ಮೊದಲು ಆರ್ಕಿಡ್ ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಕೊಂಡೆ. 2012ರಲ್ಲಿ ಶುರುವಾದ ವ್ಯವಸ್ಥೆ ಅದು. ಪುಕ್ಕಟೆ, 16 ಅಂಕಿ. ಹೆಸರು ಹೇಗೇ ಬರೆದರೂ ಸಂಖ್ಯೆ ಒಂದೇ. ಪೇಪರ್‌ಗಳನ್ನು ಕೈಯಲ್ಲಿ ಟೈಪ್ ಮಾಡಲಿಲ್ಲ, ಡಿಒಐ (ಪೇಪರ್‌ನ ಗುರುತಿನ ಸಂಖ್ಯೆ) ಕೊಟ್ಟು ಸೇರಿಸಿದೆ. ಟೈಪ್ ಮಾಡಿದರೆ ಒಂದು ಕಾಮಾ ಹೆಚ್ಚುಕಮ್ಮಿಯಾಗಿ ಅದೇ ಪೇಪರ್ ಎರಡು ಸಲ ಕಾಣಿಸುತ್ತದೆ. ಆಮೇಲೆ ಪೇಪರ್, ಸೈಟೇಶನ್‌ಗಳ ಲೆಕ್ಕ ಇಡುವ ಸ್ಕೋಪಸ್. ಅಲ್ಲಿ ಚದುರಿಹೋದ ಪ್ರೊಫೈಲ್‌ಗಳನ್ನು ಸೇರಿಸಿಕೊಡಿ ಎಂದು ಲೇಖಕರೇ ಕೇಳಿಕೊಳ್ಳಬಹುದು, ಅದಕ್ಕೆ ಚಂದಾ ಬೇಕಿಲ್ಲ. ಅಂಥದೇ ಲೆಕ್ಕ ಇಡುವ ಗೂಗಲ್ ಸ್ಕಾಲರ್‌ನಲ್ಲಿ ಹೊಸ ಪೇಪರ್‌ಗಳನ್ನು ತಾನಾಗಿ ಸೇರಿಸುವ ಸೆಟ್ಟಿಂಗ್ ತೆಗೆದು, ನನ್ನನ್ನು ಕೇಳಿಯೇ ಸೇರಿಸುವ ಹಾಗೆ ಮಾಡಿದೆ. ಸವಿತಾ ಎಂಬ ಹೆಸರಿನವರು ರಾಜ್ಯದ ತುಂಬ ಇದ್ದಾರೆ, ಅವರ ಕೆಲಸ ನನ್ನ ಲೆಕ್ಕಕ್ಕೆ ಬರಬಾರದು. ವೈದ್ಯಕೀಯ ಪೇಪರ್‌ಗಳ ಪಟ್ಟಿ ಇರುವ ಪಬ್‌ಮೆಡ್‌ನಲ್ಲಿ ಅಚ್ಚಾದ ಹೆಸರು ಹಾಗೇ ಇದೆ. ಅದು ಬದಲಾಗಬೇಕಾದರೆ ಜರ್ನಲ್‌ನವರೇ ತಿದ್ದುಪಡಿ ಹಾಕಬೇಕು. ಎರಡು ಪೇಪರ್‌ಗೋಸ್ಕರ ಅಷ್ಟು ಓಡಾಟ ಬೇಡ ಅನ್ನಿಸಿತು, ಬಿಟ್ಟೆ.

ಇಷ್ಟಾದ ಮೇಲೂ ಎರಡು ಸಂಖ್ಯೆ ಒಂದಾಗಲಿಲ್ಲ. ಸ್ಕೋಪಸ್‌ನಲ್ಲಿ 6 ಇದ್ದದ್ದು 8 ಆಯಿತು, ಸ್ಕಾಲರ್‌ನ 11 ಹಾಗೇ ಉಳಿಯಿತು. ಎಚ್-ಇಂಡೆಕ್ಸ್ 8 ಅಂದರೆ ಕಡೇಪಕ್ಷ 8 ಸಲ ಸೈಟ್ ಆದ ಪೇಪರ್‌ಗಳು 8 ಇವೆ ಅಂತ. ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಕೊಟ್ಟ ಲೆಕ್ಕ. ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುಂಚೆ ಹಾಕಿದ ಪೇಪರ್), ಪುಸ್ತಕದಲ್ಲಿ ಬಂದ ಉಲ್ಲೇಖವನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆರಿಸಿಕೊಂಡ ಜರ್ನಲ್, ಪುಸ್ತಕ ಮೊದಲಾದವನ್ನು ಮಾತ್ರ ನೋಡುತ್ತದೆ. ಎರಡೂ ಸುಳ್ಳಲ್ಲ. ನಾನು ಎರಡನ್ನೂ ಬರೆದು, ಎಲ್ಲಿಂದ ತೆಗೆದದ್ದು, ಯಾವ ತಾರೀಕಿನದು ಅಂತ ಪಕ್ಕದಲ್ಲೇ ಹಾಕಿದೆ. ದೊಡ್ಡದನ್ನು ಮಾತ್ರ ಹಾಕಿ ಅಂತ ಸಲಹೆ ಕೊಟ್ಟವರೂ ಇದ್ದರು.

ಸಂದರ್ಶನದಲ್ಲಿ ಒಬ್ಬರು, "ನಿಮ್ಮ ಒಟ್ಟು ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟಮ್ಮ?" ಎಂದು ಕೇಳಿದರು. ಇದು ನಮ್ಮಲ್ಲಿ ಮಾಮೂಲು. ಪೇಪರ್ ಬಂದ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನೆಲ್ಲ ಕೂಡಿಸಿ ಬಯೋಡೇಟಾದಲ್ಲಿ ಹಾಕುತ್ತಾರೆ. ಕೂಡಿಸಿದರೆ ಏನೂ ಅರ್ಥ ಬರುವುದಿಲ್ಲ. 2023ರ ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ, ಆ ಜರ್ನಲ್‌ನಲ್ಲಿ 2021 ಮತ್ತು 2022ರಲ್ಲಿ ಬಂದದ್ದಕ್ಕೆ 2023ರಲ್ಲಿ ಸಿಕ್ಕ ಸೈಟೇಶನ್‌ಗಳನ್ನು ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಅದು ಜರ್ನಲ್‌ನ ಸರಾಸರಿ, ನನ್ನದಲ್ಲ. "ಅದು ಜರ್ನಲ್‌ದು ಸರ್, ನನ್ನ ಪೇಪರ್‌ಗೆ ಸಿಕ್ಕ ಸೈಟೇಶನ್ ಬೇರೆ ಕಾಲಂನಲ್ಲಿದೆ" ಎಂದೆ. ಅವರು ಪುಟ ತಿರುಗಿಸಿದರು.

ಎರಡು ವರ್ಷದ ಈ ಲೆಕ್ಕದ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ಕಲ್ಕತ್ತಾದ ಶಂಭುನಾಥ್ ಡೇ ಅವರನ್ನೇ ನೋಡಿ. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವದಿಂದ ಬ್ಯಾಕ್ಟೀರಿಯಾಗಳನ್ನು ಪೂರ್ತಿ ಸೋಸಿ ತೆಗೆದು, ಉಳಿದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆ ಎಂದು ತೋರಿಸಿದವರು ಅವರು. ಅಂದರೆ ಕಾಲರಾದ ವಿಷವನ್ನು ಹಿಡಿದವರು. ಪೇಪರ್ 1959ರಲ್ಲಿ ನೇಚರ್‌ನಲ್ಲಿ ಬಂತು. ಮೊದಮೊದಲು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಸೈನ್ಸ್ ಸೈಟೇಶನ್ ಇಂಡೆಕ್ಸ್ ಶುರು ಮಾಡಿದ ಯೂಜೀನ್ ಗಾರ್ಫೀಲ್ಡ್ 1986ರಲ್ಲಿ ಡೇ ಬಗ್ಗೆ ಲೇಖನ ಬರೆದರು. ಅಷ್ಟರಲ್ಲಿ ಡೇ ತೀರಿಕೊಂಡು ವರ್ಷವಾಗಿತ್ತು. ನಮ್ಮ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆ ಅವರ ಮೇಲೆ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ.

ನನ್ನ ಪಟ್ಟಿಯಲ್ಲಿ ಜಾಸ್ತಿ ಸೈಟ್ ಆಗಿರುವುದು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಬ್ಯಾಕ್ಟೀರಿಯಾಗಳಿಗೆ ಯಾವ ಆಂಟಿಬಯೋಟಿಕ್ ನಾಟುತ್ತದೆ ಎಂಬ ಸರ್ವೆ. ಲ್ಯಾಬ್‌ಗೆ ದಿನಾ ಬರುವ ಸ್ಯಾಂಪಲ್‌ಗಳದೇ ಲೆಕ್ಕ. ಕಷ್ಟಪಟ್ಟದ್ದು ಮಂಗನ ಕಾಯಿಲೆಯ ಪೇಪರ್‌ಗೆ. ಜ್ವರ ಬಂದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ, ಆಮೇಲೆ ಅದು ಕಡಿಮೆಯಾಗಿ ಐಜಿಎಂ ಎಂಬ ಪ್ರತಿಕಾಯ ಏರುತ್ತದೆ. ಯಾವ ದಿನ ಯಾವ ಟೆಸ್ಟ್ ಮಾಡಿಸಬೇಕು ಎಂದು ನೋಡುವುದಕ್ಕೆ ಸರಿಯಾದ ದಿನದ ರಕ್ತ ಬೇಕು. ಕಾಡಂಚಿನ ಹಳ್ಳಿಯಲ್ಲಿ ಜ್ವರ ಯಾವತ್ತು ಶುರುವಾಯಿತು ಅಂತ ಕೇಳಿದರೆ "ಸಂತೆಯ ಹಿಂದಿನ ದಿನ" ಎನ್ನುತ್ತಾರೆ. ಆ ಊರಿನ ಸಂತೆ ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ತಾರೀಕು ಲೆಕ್ಕ ಹಾಕಬೇಕು.

ಆ ಪೇಪರ್‌ಗೆ ಸಿಕ್ಕ ಸೈಟೇಶನ್ ಕಡಿಮೆ, ಸಿಗುವುದೂ ಅಷ್ಟೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಇದು. ಇದರ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲೇ ಸ್ವಲ್ಪ ಜನ. ಸಕ್ಕರೆ ಕಾಯಿಲೆಗೆ ಬರೆಯುವವರು ಊರೂರಲ್ಲೂ ಇದ್ದಾರೆ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರ ಐಸೈಟ್ ಎಂಬ ಪುಕ್ಕಟೆ ಸಾಧನಕ್ಕೆ ಪಬ್‌ಮೆಡ್ ನಂಬರ್ ಕೊಟ್ಟರೆ, ಅಂಥದೇ ವಿಷಯದ ಪೇಪರ್‌ಗಳ ಜೊತೆ ಹೋಲಿಸಿ ಒಂದು ಅಂಕ ಕೊಡುತ್ತದೆ. ಸುಮಾರಾಗಿ 1 ಬಂದರೆ ಎನ್‌ಐಎಚ್ ಹಣದಲ್ಲಿ ನಡೆದ ಕೆಲಸದ ಮಟ್ಟಕ್ಕೆ ಇದೆ ಅಂತ. ನನ್ನ ಎರಡು ಪೇಪರ್‌ಗಳ ನಡುವಿನ ಅಂತರ ಅಲ್ಲಿ ತುಂಬಾ ಕಿರಿದಾಯಿತು.

ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಸೈಟ್ ಮಾಡಿದ ಪೇಪರ್‌ಗಳನ್ನು ತೆರೆದು ಓದಿದ್ದು. ಹುಣ್ಣಿನ ಸರ್ವೆಯನ್ನು ಬಹಳ ಜನ ಮೊದಲ ಪ್ಯಾರಾದಲ್ಲಿ ಇನ್ನೂ ನಾಲ್ಕು ಪೇಪರ್ ಜೊತೆ ಒಂದೇ ಬ್ರಾಕೆಟ್‌ನಲ್ಲಿ ಸುಮ್ನೆ ಸೇರಿಸಿದ್ದರು. ಮಂಗನ ಕಾಯಿಲೆಯದನ್ನು ಸೈಟ್ ಮಾಡಿದವರು ನಮ್ಮ ದಿನಗಳ ಲೆಕ್ಕವನ್ನೇ ಎತ್ತಿಕೊಂಡು ಸ್ಯಾಂಪಲ್ ಯಾವಾಗ ತೆಗೆಯಬೇಕು ಅಂತ ನಿರ್ಧರಿಸಿದ್ದರು. ಪಟ್ಟಿಯಲ್ಲಿ ಆ ಪೇಪರ್ ಕೆಳಗೆ ಇದನ್ನು ಒಂದು ಸಾಲಿನಲ್ಲಿ ಬರೆದೆ. ಅದರಲ್ಲಿ ನನ್ನ ಕೆಲಸ ಏನಿತ್ತು ಅನ್ನುವುದನ್ನೂ ಬರೆದೆ.

ಈಗ ವಾಟ್ಸಾಪ್‌ನಲ್ಲಿ ಲೇಖಕರ ಜಾಗ ಮಾರುವ ಮೆಸೇಜ್‌ಗಳು ಬರುತ್ತವೆ. ಮೊದಲ ಜಾಗಕ್ಕೆ ಇಷ್ಟು, ಮೂರನೆಯದಕ್ಕೆ ಇಷ್ಟು. ಬಡ್ತಿಗೆ ಮೊದಲ ಮೂವರಲ್ಲಿ ಹೆಸರು ಇರಬೇಕು ಅಥವಾ ಕರೆಸ್ಪಾಂಡಿಂಗ್ ಆಥರ್ (ಪೇಪರ್ ಪರವಾಗಿ ಪತ್ರವ್ಯವಹಾರ ಮಾಡುವವರು) ಆಗಿರಬೇಕು ಎಂದು ವೈದ್ಯಕೀಯ ಆಯೋಗದ 2022ರ ನಿಯಮ ಹೇಳಿತ್ತಲ್ಲ, ಅಂಗಡಿ ತೆರೆಯಲು ಅಷ್ಟು ಸಾಕು. ಬ್ಲಾಕ್ ಮಾಡಿ ಸುಮ್ಮನಾಗುತ್ತೇನೆ.

ನಮ್ಮ ಪಿಜಿಗಳಿಗೆ ಮೊದಲ ಪೇಪರ್ ಕಳಿಸುವ ಮುಂಚೆಯೇ ಆರ್ಕಿಡ್ ಮಾಡಿಸುತ್ತೇನೆ. ಹೆಸರು ಹೇಗೆ ಬರೆಯಬೇಕು ಅಂತ ಅವರೇ ತೀರ್ಮಾನ ಮಾಡಲಿ, ಆಮೇಲೆ ಅದನ್ನೇ ಎಲ್ಲ ಕಡೆ ಬರೆಯಲಿ. ಮೊನ್ನೆ ಒಬ್ಬಳು, "ಮೇಡಂ, ಮದುವೆ ಆದ್ಮೇಲೆ ಹೆಸರು ಬದಲಾದ್ರೆ?" ಅಂದಳು. ಆರ್ಕಿಡ್‌ನಲ್ಲಿ ಬೇರೆ ಹೆಸರುಗಳನ್ನೂ ಸೇರಿಸಲು ಜಾಗ ಇದೆ, 16 ಅಂಕಿ ಅದೇ ಇರುತ್ತೆ ಅಂದೆ.