ಕೆರೆ ದಂಡೆಯಲ್ಲಿ ಮರೆ ಕಟ್ಟಿ ಹಕ್ಕಿಯ ಚಿತ್ರ ತೆಗೆಯುವುದು ಹೇಗೆ?

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಸುಮಾರು 100 ಕಿ.ಮೀ. ಸಾಗಿದರೆ ಭಿಗವಣ ಸಿಗುತ್ತದೆ. ವಿಜಯಪುರ, ಕಲಬುರಗಿ ಕಡೆಯ ತಮ್ಮ ಊರುಗಳಿಗೆ ಹೋಗಿಬರುವ ಪುಣೆಯ ಕನ್ನಡಿಗರಿಗೆ ಇದು ಬಸ್ಸಿನ ಕಿಟಕಿಯಿಂದ ಪರಿಚಿತವಾದ ಊರೇ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಇಲ್ಲಿ ಹರಡಿಕೊಂಡಿದ್ದು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸ, ನಾಮದ ಕೋಳಿಗಳು ಬಂದು ಸೇರುತ್ತವೆ. ಹೆಚ್ಚಿನವರು ದೋಣಿಯಲ್ಲಿ ಹೋಗಿ ಚಿತ್ರ ತೆಗೆಯುತ್ತಾರೆ. ದೋಣಿ ಸಮೀಪಿಸಿದಂತೆ ಹಕ್ಕಿ ಏಳುವುದರಿಂದ ಅವರಿಗೆ ದಕ್ಕುವುದು ಬಹುಪಾಲು ಹಕ್ಕಿಯ ಬೆನ್ನು. ದಂಡೆಯಲ್ಲಿ ಹೈಡ್, ಅಂದರೆ ಮರೆ, ಕಟ್ಟಿ ಕೂತವರ ಬಳಿಗೆ ಹಕ್ಕಿ ತಾನಾಗಿ ಬರುತ್ತದೆ.

ಮೊದಲ ಭೇಟಿಗೆ ಕ್ಯಾಮೆರಾ ಬೇಡ, ದುರ್ಬೀನು ಸಾಕು. ಕೆಸರಿನಲ್ಲಿ ಹೆಜ್ಜೆಗುರುತು ದಟ್ಟವಾಗಿರುವ, ಹಿಕ್ಕೆ ಬಿದ್ದು ಕಲ್ಲುಗಳು ಬೆಳ್ಳಗಾಗಿರುವ ಜಾಗವನ್ನು ಹುಡುಕಿ. ದಂಡೆಯ ಹೊಲ ಯಾರದೋ ಅವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಕಟ್ಟುವಂತಿಲ್ಲ. ಗೂಡುಗಳ ಹತ್ತಿರ ಮಾತ್ರ ಯಾವ ಕಾರಣಕ್ಕೂ ಮರೆ ಹಾಕಬಾರದು. ತಾಯಿಹಕ್ಕಿ ಬೆದರಿ ದೂರ ಉಳಿದ ಅರ್ಧ ಗಂಟೆಯಲ್ಲಿ ಮರಿಗಳು ಬಿಸಿಲಿಗೆ ಬಾಡುತ್ತವೆ, ಮೊಟ್ಟೆಗಳು ಕಾಗೆಯ ಪಾಲಾಗುತ್ತವೆ.

ಚಿತ್ರದ ಹಣೆಬರಹ ನಿರ್ಧಾರವಾಗುವುದು ಮರೆಯ ದಿಕ್ಕನ್ನು ಆರಿಸುವಾಗಲೇ. ಬೆಳಗಿನ ಚಿತ್ರಗಳಿಗೆ ನೀರಿನ ಪೂರ್ವ ದಂಡೆಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ಕೂತರೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಹಕ್ಕಿಯ ಮೇಲೆ ಬೀಳುತ್ತದೆ. ಹೊಸಬರು ಗಮನಿಸದಿರುವುದು ಗಾಳಿಯನ್ನು. ನೀರುಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಳಿಯುತ್ತವೆ, ಏಳುತ್ತವೆ. ಆದ್ದರಿಂದ ಗಾಳಿಯೂ ನಿಮ್ಮ ಹಿಂದಿನಿಂದ ಬೀಸುತ್ತಿದ್ದರೆ ರೆಕ್ಕೆ ಚಾಚಿ ಇಳಿಯುವ ಹಕ್ಕಿಯ ಮುಖ ನಿಮ್ಮತ್ತಲೇ ಇರುತ್ತದೆ.

ನಾಲ್ಕು ಬಿದಿರ ಗಳ, ಹೊಳಪಿಲ್ಲದ ಮಣ್ಣುಬಣ್ಣದ ದಪ್ಪ ಬಟ್ಟೆ, ಮುಂಭಾಗಕ್ಕೆ ಒಂದು ತುಂಡು ಸೊಳ್ಳೆಪರದೆ ಇದ್ದರೆ ಸಾಕು. ಅಂಗಡಿಯ ದುಬಾರಿ ಡೇರೆಗೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ವ್ಯರ್ಥ. ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಏಕೆಂದರೆ ಗಾಳಿಗೆ ಪಟಪಟನೆ ಬಡಿಯುವ ಅಂಚು ಹಕ್ಕಿಗಳನ್ನು ಮನುಷ್ಯನಷ್ಟೇ ಬೆದರಿಸುತ್ತದೆ. ಹಿಂಬದಿಯಲ್ಲಿ ಬೆಳಕು ಒಳಬಂದರೆ ನಿಮ್ಮ ನೆರಳು ಪರದೆಯ ಮೇಲೆ ಮೂಡುವುದರಿಂದ ಅದನ್ನು ಪೂರ್ತಿ ಮುಚ್ಚಬೇಕು. ಲೆನ್ಸಿನ ಕಿಂಡಿ ನೀರಿನ ಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ಹಕ್ಕಿಯ ಕಣ್ಣಿಗೆ ಕಣ್ಣು ಸೇರಿ, ಹಿನ್ನೆಲೆಯ ದೂರದ ನೀರು ಮೆತ್ತಗೆ ಕರಗುತ್ತದೆ. ಕಟ್ಟಿದ ದಿನವೇ ಒಳಗೆ ಕೂರದೆ ಕೆಲವು ದಿನ ಖಾಲಿ ಬಿಡಿ. ಆಗ ಕಿಂಡಿಯಲ್ಲಿ ಕಪ್ಪು ಬಣ್ಣ ಬಳಿದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಸಿಕ್ಕಿಸಿಟ್ಟರೆ, ಮುಂದೆ ಅಲ್ಲಿಂದ ಇಣುಕುವ ಲೆನ್ಸು ಹಕ್ಕಿಗಳಿಗೆ ಹೊಸದೆನಿಸುವುದಿಲ್ಲ. ಬೇಸಿಗೆಯತ್ತ ಹಿನ್ನೀರು ಇಳಿಯುತ್ತಾ ಹೋಗುವುದರಿಂದ ಮರೆಯನ್ನೂ ಆಗಾಗ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸಬೇಕಾಗುತ್ತದೆ.

ಒಳಗೆ ಸೇರುವುದು ಬೆಳಕು ಹರಿಯುವ ಮುನ್ನ. ತಡವಾದರೆ ಗೆಳೆಯರೊಬ್ಬರನ್ನು ಜೊತೆಗೆ ಕರೆದೊಯ್ದು, ನೀವು ಒಳಗೆ ಕೂತ ಮೇಲೆ ಅವರು ಎಲ್ಲರಿಗೂ ಕಾಣುವಂತೆ ನಡೆದು ಹೋಗಲಿ. ಬಂದವರು ಹೊರಟುಹೋದರೆಂದು ಹಕ್ಕಿಗಳು ಬಹಳಷ್ಟು ಸಲ ನಂಬುತ್ತವೆ. ಮೊಬೈಲನ್ನು ಬಂದ್ ಮಾಡಿ. ಸರಪರ ಸದ್ದಿನ ಚಿಪ್ಸ್ ಪೊಟ್ಟಣಕ್ಕಿಂತ ಬಾಳೆಹಣ್ಣು ಮೇಲು.

400ರಿಂದ 600 ಎಂಎಂ ಲೆನ್ಸನ್ನು, ಒಂದೆರಡು ಕಿಲೋ ಜೋಳ ತುಂಬಿ ಬಾಯಿ ಹೊಲಿದ ಚೀಲದ ಮೇಲಿಡಿ. ಇಷ್ಟು ತಗ್ಗಿನಲ್ಲಿ ಟ್ರೈಪಾಡಿಗಿಂತ ಇದೇ ಅನುಕೂಲ. ನಿಂತ ಹಕ್ಕಿಗೆ ಸೆಕೆಂಡಿನ 1/500 ಶಟರ್ ವೇಗ ಸಾಕಾದರೆ, ಹಾರುವ ಹಕ್ಕಿಗೆ 1/2000 ಬೇಕು. ಬಿಸಿಲಿನಲ್ಲಿ ಬೆಳ್ಳಕ್ಕಿಯ ಗರಿಯ ಗೆರೆಗಳು ಮಾಸಿಹೋಗದಂತೆ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು ತಗ್ಗಿಸಿ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ಕ್ಯಾಮೆರಾದಲ್ಲಿ ಸದ್ದಿಲ್ಲದ ಶಟರ್ ಇದ್ದರೆ ಅದನ್ನೇ ಬಳಸಿ, ಫೋಕಸ್ಸಿನ ಕೆಂಪು ದೀಪವನ್ನು ಆರಿಸಿ, ಲೆನ್ಸನ್ನು ಹಕ್ಕಿ ತಲೆ ತಗ್ಗಿಸಿ ಮೇಯುವಾಗ ಮಾತ್ರ ತಿರುಗಿಸಿ.

ಹೊರಬರುವಾಗ ಹಕ್ಕಿಗಳು ಎದುರಿಗಿದ್ದರೆ ಅವು ದೂರ ಸರಿಯುವವರೆಗೆ ಕಾಯಿರಿ, ಇಲ್ಲವೇ ಗೆಳೆಯರು ಮತ್ತೆ ಬಂದು ಕರೆದೊಯ್ಯಲಿ. ಮರೆಯೊಳಗಿಂದ ಮನುಷ್ಯ ಏಳುವುದನ್ನು ಒಮ್ಮೆ ಕಂಡ ಹಿಂಡು ಮರುದಿನ ಅದರ ಸಮೀಪಕ್ಕೆ ಬರಲು ಹಿಂಜರಿಯುತ್ತದೆ.